ಮಳೆಗೆ ರೇಸ್ ನಿಲ್ಲಿಸಬೇಕಾದಾಗ: ಕೊಡಗಿನ ಆಟೋಕ್ರಾಸ್ ಸಂಘಟಕರಿಗೆ

ಕೊಯ್ಲು ಮುಗಿದ ಗದ್ದೆಯಲ್ಲಿ ಆಟೋಕ್ರಾಸ್, ಅಂದರೆ ಮಣ್ಣಿನ ಹಾದಿಯ ಕಾರು ಸ್ಪರ್ಧೆ, ಏರ್ಪಡಿಸುವವರು ಮಳೆಗಾಲ ಕಳೆಯಿತೆಂಬ ಧೈರ್ಯದಲ್ಲೇ ದಿನ ಗೊತ್ತುಮಾಡುತ್ತಾರೆ. ಆದರೆ ಕಾಫಿ ಬೆಳೆಗಾರರು ಕಾದು ಕೂರುವ ಮಾರ್ಚ್–ಏಪ್ರಿಲ್‌ನ ಹೂ ಮಳೆ ರೇಸಿನ ವೇಳಾಪಟ್ಟಿಯನ್ನು ನೋಡಿಕೊಂಡು ಬರುವುದಿಲ್ಲ. ಹೀಗಾಗಿ ಸ್ಪರ್ಧೆಯನ್ನು ಆರಂಭಿಸುವ ಕ್ರಮದಷ್ಟೇ ವಿವರವಾಗಿ ಅದನ್ನು ನಡುವೆ ನಿಲ್ಲಿಸುವ ಕ್ರಮವನ್ನೂ ಮೊದಲೇ ಬರೆದಿಟ್ಟು, ಬೆಳಗಿನ ಚಾಲಕರ ಸಭೆಯಲ್ಲಿ ಓದಿ ಹೇಳಬೇಕು.

ನಿಲ್ಲಿಸುವ ಅಧಿಕಾರ ಸ್ಪರ್ಧೆಯನ್ನು ನಡೆಸುವ ಮುಖ್ಯ ಅಧಿಕಾರಿಯಾದ ಕ್ಲರ್ಕ್ ಆಫ್ ದಿ ಕೋರ್ಸ್ ಒಬ್ಬರಿಗೇ ಇರಲಿ. ಅವರು ನಿಯಮಪಾಲನೆ ನೋಡುವ ತೀರ್ಪುಗಾರರಾದ ಸ್ಟೀವರ್ಡ್‌ಗಳನ್ನು ಕೇಳಬೇಕೇ, ಬೇಡವೇ ಎಂಬುದೂ ಬರಹದಲ್ಲಿರಲಿ. 1984ರ ಮೊನಾಕೊ ಫಾರ್ಮುಲಾ ಒನ್ ಗ್ರಾಂಪ್ರಿಯನ್ನು ಮಳೆಯಿಂದಾಗಿ 31 ಲ್ಯಾಪ್‌ಗೆ ನಿಲ್ಲಿಸಿದ ಅಲ್ಲಿನ ಕ್ಲರ್ಕ್ ಜಾಕಿ ಇಕ್ಸ್, ಸ್ಟೀವರ್ಡ್‌ಗಳನ್ನು ಕೇಳದೆ ಕೆಂಪು ಬಾವುಟ ತೋರಿಸಿದರೆಂದು ದಂಡ ತೆರಬೇಕಾಯಿತು. ಆ ದಿನ ಗೆದ್ದು ಅರ್ಧ ಅಂಕಗಳನ್ನಷ್ಟೇ ಪಡೆದ ಅಲನ್ ಪ್ರಾಸ್ಟ್, ವರ್ಷದ ಕೊನೆಗೆ ನಿಕಿ ಲೌಡಾ ಅವರೆದುರು ಅರ್ಧ ಅಂಕದಿಂದಲೇ ಚಾಂಪಿಯನ್‌ಷಿಪ್ ಕಳೆದುಕೊಂಡರು.

ಯಾವಾಗ ನಿಲ್ಲಿಸಬೇಕೆಂಬುದಕ್ಕೆ ಮಳೆಯ ಪ್ರಮಾಣಕ್ಕಿಂತ ಕಣ್ಣೇ ಉತ್ತಮ ಅಳತೆ. ಟ್ರ್ಯಾಕಿನ ಬದಿಯಲ್ಲಿ ಬಾವುಟ ಹಿಡಿದು ನಿಲ್ಲುವ ಒಬ್ಬ ಮಾರ್ಷಲ್‌ಗೆ ಮುಂದಿನ ಮಾರ್ಷಲ್‌ನ ಬಾವುಟ ಸ್ಪಷ್ಟವಾಗಿ ಕಾಣದಿದ್ದರೆ ನಿಲ್ಲಿಸಿ. ಮಣ್ಣನ್ನೂ ಗಮನಿಸಿ: ಗದ್ದೆಯ ಜೇಡಿ ನೆನೆದಾಗ ಟಯರಿನ ಹಲ್ಲುಗಳ ನಡುವೆ ತುಂಬಿಕೊಂಡು, ಟಯರ್ ಬೋಳಾದಂತೆಯೇ ಆಗುತ್ತದೆ, ಆಗ ಬ್ರೇಕ್ ಒತ್ತಿದರೂ ಕಾರು ತಿರುವಿನಲ್ಲಿ ನೇರವಾಗಿ ಹಗ್ಗದಾಚೆಯ ಜನರ ಕಡೆಗೇ ಜಾರುತ್ತದೆ. ಗುಡುಗು ಕೇಳಿಸಿದರೆ ಚರ್ಚೆಯೇ ಬೇಡ. ಕೊನೆಯ ಗುಡುಗಿನ ನಂತರ 30 ನಿಮಿಷ ಯಾರನ್ನೂ ಬಯಲಿಗೆ ಬಿಡಬಾರದು. ಮರದಡಿ ನಿಂತವರನ್ನು ವಾಹನಗಳೊಳಗೆ ಕೂರಿಸಬೇಕು.

ಕೆಂಪು ಬಾವುಟ ಎಲ್ಲ ಮಾರ್ಷಲ್ ಠಾಣೆಗಳಲ್ಲೂ ಒಟ್ಟಿಗೇ ಏಳಬೇಕು. ಚಾಲಕರು ವೇಗ ತಗ್ಗಿಸಿ, ಯಾರನ್ನೂ ಹಿಂದಿಕ್ಕದೆ ಮರಳಬೇಕು. ಹೂತ ಕಾರನ್ನು ಎಳೆಯಲು ಟ್ರ್ಯಾಕ್ಟರ್ ಇಳಿಸುವ ಆತುರ ನಮ್ಮಲ್ಲಿ ಹೆಚ್ಚು. ಕೊನೆಯ ಕಾರು ಒಳಗೆ ಬಂದುದನ್ನು ಎಣಿಸಿ ಖಚಿತಪಡಿಸಿಕೊಳ್ಳುವವರೆಗೆ ಅದು ಟ್ರ್ಯಾಕಿಗೆ ಇಳಿಯಕೂಡದು: 2014ರಲ್ಲಿ ಜಪಾನಿನ ಸುಜುಕಾದ ಮಳೆಯಲ್ಲಿ ಫಾರ್ಮುಲಾ ಒನ್ ಚಾಲಕ ಜೂಲ್ಸ್ ಬಿಯಾಂಕಿ ಅವರ ಕಾರು ಡಿಕ್ಕಿ ಹೊಡೆದದ್ದು ಇನ್ನೊಂದು ಕಾರನ್ನು ತೆರವುಗೊಳಿಸುತ್ತಿದ್ದ ಯಂತ್ರಕ್ಕೆ.

ಜಗಳ ಹುಟ್ಟುವುದು ಹೆಚ್ಚಾಗಿ ಫಲಿತಾಂಶದಲ್ಲಿ. ಎಲ್ಲರೂ ಒಟ್ಟಿಗೆ ಓಡುವ ರೇಸಿನಲ್ಲಿ ಕೆಂಪು ಬಾವುಟ ತೋರಿಸಿದ ಲ್ಯಾಪನ್ನು ಬಿಟ್ಟು, ಅದಕ್ಕೂ ಹಿಂದೆ ಪೂರ್ಣಗೊಂಡ ಲ್ಯಾಪಿನ ಸ್ಥಾನಗಳನ್ನು ಹಿಡಿಯಬಹುದು. ಆಟೋಕ್ರಾಸಿನಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡುವುದರಿಂದ ಅದು ಸಾಲದು. ಮೊದಲು ಹೋದವರಿಗೆ ಒಣ ನೆಲ, ಆಮೇಲೆ ಹೋದವರಿಗೆ ಕೆಸರು. ಆದ್ದರಿಂದ ಒಂದು ವಿಭಾಗದ ಎಲ್ಲರೂ ಓಡಿ ಮುಗಿಸದ ಸುತ್ತನ್ನು ಪೂರ್ತಿಯಾಗಿ ಕೈಬಿಟ್ಟು, ಹಿಂದಿನ ಸುತ್ತಿನ ಸಮಯವನ್ನೇ ಅಂತಿಮವೆನ್ನುವುದು ನನಗೆ ನ್ಯಾಯವಾಗಿ ಕಾಣುತ್ತದೆ. ಒಂದು ಸುತ್ತೂ ಪೂರ್ಣವಾಗದಿದ್ದರೆ ಅಂಕವೂ ಬೇಡ, ಟ್ರೋಫಿಯೂ ಬೇಡ. 2021ರ ಆಗಸ್ಟ್ 29ರಂದು ಬೆಲ್ಜಿಯಂನ ಸ್ಪಾದಲ್ಲಿ, ಎಲ್ಲರ ವೇಗ ತಗ್ಗಿಸಲು ಮುಂದೆ ಸಾಗುವ ಸೇಫ್ಟಿ ಕಾರಿನ ಹಿಂದೆ ಸಾಲಾಗಿ ಹೋಗಿಬಂದದ್ದಕ್ಕೇ ಅರ್ಧ ಅಂಕ ಹಂಚಿ ಟೀಕೆಗೊಳಗಾದ ಮೇಲೆ, ಸೇಫ್ಟಿ ಕಾರಿಲ್ಲದೆ ಕನಿಷ್ಠ 2 ಲ್ಯಾಪ್ ಓಡದಿದ್ದರೆ ಅಂಕವಿಲ್ಲವೆಂಬ ನಿಯಮವನ್ನು ಫಾರ್ಮುಲಾ ಒನ್ ತರಬೇಕಾಯಿತು.

ಪ್ರವೇಶ ಶುಲ್ಕ ಎಷ್ಟು ಮರಳುತ್ತದೆಂಬುದನ್ನು ಅರ್ಜಿಯಲ್ಲೇ ಮುದ್ರಿಸಿ. ಬಾವುಟ ತೋರಿಸಿದ ಗಂಟೆ, ಲೆಕ್ಕಕ್ಕೆ ಹಿಡಿದ ಸುತ್ತು, ತಕರಾರು ಸಲ್ಲಿಸಲು ಇರುವ ಅವಧಿ, ಈ ಮೂರನ್ನೂ ತಾತ್ಕಾಲಿಕ ಪಟ್ಟಿಯ ತಲೆಯಲ್ಲಿ ಬರೆದು, ಕ್ಲರ್ಕ್ ಸಹಿಯೊಂದಿಗೆ ಮಳೆ ತಾಗದ ಕಡೆ ಅಂಟಿಸಿ.