ಹಳ್ಳದ ನೀರು ಕೆಟ್ಟಿದೆಯೇ? ದಿಣ್ಣೆಯಿಂದ ಶುರುಮಾಡಿ

ಹೊಳೆ ದಂಡೆಯಲ್ಲಿ ಸ್ವಚ್ಛತಾ ಅಭಿಯಾನ ಮಾಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರು ಬಿಟ್ಟುಹೋದ ಬಟ್ಟೆ, ಮಡಕೆ, ಪ್ಲಾಸ್ಟಿಕ್ ಎತ್ತಿದರೆ ದಂಡೆ ಚೊಕ್ಕಟವಾಗುತ್ತದೆ, ನಿಜ. ಆದರೆ ನೀರಲ್ಲಿ ಕರಗಿ ಬಂದ ಯೂರಿಯಾ, ಚರಂಡಿಯ ಕೊಳೆ, ಹೊಲದಿಂದ ಕೊಚ್ಚಿಬಂದ ಮಣ್ಣು ಪೊರಕೆಗೆ ಸಿಗುವುದಿಲ್ಲ. ಅವು ಹೊರಟ ಜಾಗಕ್ಕೇ ಹೋಗಿ ತಡೆಯಬೇಕು.

ಇಡೀ ಕಾವೇರಿಯನ್ನು ಹಿಡಿಯಹೊರಟರೆ ಯಾವುದೂ ಕೈಗೆ ಹತ್ತುವುದಿಲ್ಲ. ಒಂದು ಸಣ್ಣ ಉಪನದಿ, ಅದರೊಳಗೂ ಒಂದು ಹಳ್ಳ ಆರಿಸಿಕೊಳ್ಳಿ. ಮಂಡ್ಯ ಜಿಲ್ಲೆಯ ಲೋಕಪಾವನಿಯನ್ನೇ ನೋಡಿ. ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರ ಸೀಮೆ ದಾಟಿ, ಶ್ರೀರಂಗಪಟ್ಟಣದ ಬಳಿ ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುತ್ತದೆ. ಮೇಲ್ಭಾಗದಲ್ಲಿ ಮಳೆ ನಂಬಿದ ರಾಗಿ, ಹುರುಳಿ, ತೆಂಗು. ಕೆಳಗೆ ನಾಲೆ ನೀರಿನ ಭತ್ತ, ಕಬ್ಬಿನ ಬಯಲು. ಹೊಳೆ ಒಂದೇ, ಕಾಯಿಲೆ ಎರಡು. ಮೇಲೆ ಮಣ್ಣು ಸವೆಯುತ್ತದೆ, ಕೆಳಗೆ ಗೊಬ್ಬರ ಮತ್ತು ಕೊಳಚೆ ಸೇರುತ್ತವೆ. ಎರಡಕ್ಕೂ ಒಂದೇ ಮದ್ದು ಬರೆದ ಯೋಜನೆ ಕೆಲಸಕ್ಕೆ ಬರುವುದಿಲ್ಲ.

ಹಂತ 1: ಜಲಾನಯನದ ಗಡಿ ಗುರುತಿಸಿ

ಬಿದ್ದ ಮಳೆ ನೀರೆಲ್ಲ ಒಂದೇ ಹಳ್ಳಕ್ಕೆ ಇಳಿದುಬರುವ ನೆಲವೇ ಆ ಹಳ್ಳದ ಜಲಾನಯನ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ತೆಗೆದುಕೊಳ್ಳಿ. ಅದರಲ್ಲಿರುವ ಕಂದು ಬಣ್ಣದ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ನೆಲದ ಏರಿಳಿತ ಹೇಳುತ್ತವೆ. ಹಳ್ಳ ಹೊಳೆಗೆ ಸೇರುವ ಬಿಂದುವಿನಿಂದ ಪೆನ್ಸಿಲ್ ಇಟ್ಟು, ಎರಡೂ ಬದಿಯ ಎತ್ತರದ ದಿಣ್ಣೆಗಳ ನೆತ್ತಿ ಹಿಡಿದು ಸುತ್ತಿಬನ್ನಿ. ಗೆರೆ ಎಲ್ಲೂ ಹಳ್ಳವನ್ನು ಅಡ್ಡ ದಾಟಬಾರದು. ದಾಟಿದರೆ ಎಲ್ಲೋ ತಪ್ಪಿದೆ. ಸುಮಾರು 500 ಹೆಕ್ಟೇರಿನ ಕಿರು ಜಲಾನಯನ ಮೊದಲ ಕೆಲಸಕ್ಕೆ ಸಾಕು.

ಈ ಗೆರೆಯೊಳಗೆ ಎರಡು ಮೂರು ಪಂಚಾಯಿತಿಗಳ ಊರುಗಳು ಬರಬಹುದು. ಅವರನ್ನೆಲ್ಲ ಮೊದಲೇ ಒಟ್ಟಿಗೆ ಕೂರಿಸಿ. ಆಮೇಲೆ ಭೂದಾಖಲೆ ತೋರಿಸುವ ದಿಶಾಂಕ್ ಮೊಬೈಲ್ ಆ್ಯಪ್‌ನಲ್ಲಿ ಸರ್ವೆ ನಂಬರುಗಳನ್ನು ನೋಡಿ, ಕೆರೆ, ಹಳ್ಳ, ಖರಾಬು, ಗೋಮಾಳ ಎಲ್ಲೆಲ್ಲಿವೆ ಎಂದು ನಕ್ಷೆಗೆ ಇಳಿಸಿಕೊಳ್ಳಿ.

ಹಂತ 2: ಹಳ್ಳದುದ್ದಕ್ಕೂ ನಡೆಯಿರಿ

ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಹಳ್ಳಕ್ಕೆ ಬಂದು ಬೀಳುವ ಪ್ರತಿ ಚರಂಡಿ, ಬಸಿಗಾಲುವೆ, ಪೈಪು, ದಂಡೆ ಮೇಲಿನ ತಿಪ್ಪೆ, ಕೋಳಿ ಫಾರಂ, ಆಲೆಮನೆ, ಕಲ್ಲು ಕ್ರಷರ್ ಎಲ್ಲವನ್ನೂ ಗುರುತು ಹಾಕಿ. ಊರಿನ ಹಳೆಯ ನೀರುಗಂಟಿ (ಕೆರೆ ನೀರು ಹಂಚುತ್ತಿದ್ದವರು) ಅಥವಾ ಅವರ ಮನೆಯವರು ಜೊತೆಗೆ ಬಂದರೆ ಭಾಗ್ಯ. ಯಾವ ಕೆರೆಯ ಕೋಡಿ ನೀರು ಎಲ್ಲಿಗೆ ಹೋಗುತ್ತಿತ್ತು, ಯಾವ ಕಾಲುವೆ ಮುಚ್ಚಿ ಸೈಟಾಯಿತು ಎಂಬುದು ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಹಂತ 3: ನೀರು ಪರೀಕ್ಷಿಸಿ, ಹರಿವನ್ನೂ ಅಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಸೇತುವೆ ಮೇಲೆ ನಿಂತು ಒಂದು ಬಾಟಲಿ ನೀರೆತ್ತಿ ಲ್ಯಾಬಿಗೆ ಕಳಿಸಿದರೆ ಹೊಳೆ ಕೆಟ್ಟಿದೆ ಎಂದಷ್ಟೇ ತಿಳಿಯುತ್ತದೆ. ಕೆಡಿಸಿದ್ದು ಯಾವುದು ಎಂದು ತಿಳಿಯುವುದಿಲ್ಲ. ಹಾಗಾಗಿ ಪ್ರತಿ ದೊಡ್ಡ ಚರಂಡಿ ಸೇರುವ ಜಾಗಕ್ಕಿಂತ ಸ್ವಲ್ಪ ಮೇಲೆ ಒಂದು, ನೀರು ಚೆನ್ನಾಗಿ ಬೆರೆಯುವಷ್ಟು ಕೆಳಗೆ ಒಂದು, ಚರಂಡಿಯದೇ ಒಂದು, ಹೀಗೆ ಮೂರು ಮಾದರಿ ಬೇಕು.

ದಂಡೆಯ ನಿಂತ ನೀರು ಬೇಡ. ನಡುಹರಿವಿನಲ್ಲಿ, ಹರಿವಿಗೆ ಎದುರಾಗಿ ನಿಂತು, ಮೇಲ್ಮೈಗಿಂತ ಒಂದು ಅಡಿ ಕೆಳಗೆ ಬಾಟಲಿ ಅದ್ದಿ. ಕೋಲಿಫಾರಂ (ಕೊಳಚೆ ಸೇರಿದ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಲ್ಯಾಬಿನವರು ಕೊಟ್ಟ ಕ್ರಿಮಿಶುದ್ಧ ಬಾಟಲಿಯನ್ನು ಮಾತ್ರ ತೊಳೆಯದೆ ಬಳಸಿ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಜಲಜೀವನ್ ಮಿಷನ್‌ನಲ್ಲಿ ಪಂಚಾಯಿತಿಗಳಿಗೆ ಬಂದ ಕಿಟ್ ಕುಡಿಯುವ ನೀರಿಗೆಂದು ಮಾಡಿದ್ದು. ನೈಟ್ರೇಟ್‌ನಂಥವಕ್ಕೆ ಅದು ಆಗುತ್ತದೆ, ಬಿಒಡಿಗೆ, ಅಂದರೆ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬ ಅಳತೆಗೆ, ಲ್ಯಾಬೇ ಬೇಕು.

ಫಲಿತಾಂಶ ಓದಲು ಕೆಲವು ಅಂಕಿ ನೆನಪಿರಲಿ. ಹೊಳೆಯಲ್ಲಿ ಸ್ನಾನ ಮಾಡಬಹುದು ಎನ್ನಬೇಕಾದರೆ ಲೀಟರಿಗೆ ಕರಗಿದ ಆಮ್ಲಜನಕ 5 ಮಿಲಿಗ್ರಾಂಗೆ ಕಡಿಮೆಯಾಗಬಾರದು, ಬಿಒಡಿ 3 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರಂ 500ರೊಳಗಿರಬೇಕು. ಕುಡಿಯುವ ನೀರಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಅಷ್ಟಕ್ಕೇ ನಿಲ್ಲಿಸಬೇಡಿ. ಹರಿವು ಗೊತ್ತಿಲ್ಲದಿದ್ದರೆ ಈ ಅಂಕಿಗಳು ಅರ್ಧ ಕಥೆ ಮಾತ್ರ. ಹತ್ತು ಮೀಟರ್ ದೂರ ಗುರುತು ಮಾಡಿ, ನೀರಲ್ಲಿ ಒಂದು ಬೆಂಡು ಬಿಟ್ಟು ಎಷ್ಟು ಸೆಕೆಂಡಿಗೆ ತಲುಪಿತು ನೋಡಿ. ವೇಗವನ್ನು ಅಗಲ ಮತ್ತು ಸರಾಸರಿ ಆಳದಿಂದ ಗುಣಿಸಿ, ಮೇಲ್ಮೈ ನೀರು ಜೋರಾಗಿ ಹರಿಯುವುದರಿಂದ 0.85ರಿಂದ ಮತ್ತೆ ಗುಣಿಸಿ. ಉದಾಹರಣೆಗೆ, ಮೂಗು ಮುಚ್ಚಿಕೊಳ್ಳಬೇಕಾದ ಊರ ಚರಂಡಿಯಲ್ಲಿ ಸಾರಜನಕ ಲೀಟರಿಗೆ 40 ಮಿಲಿಗ್ರಾಂ, ಹರಿವು ಸೆಕೆಂಡಿಗೆ 5 ಲೀಟರ್ ಎನ್ನಿ: ದಿನಕ್ಕೆ ಸುಮಾರು 17 ಕೆ.ಜಿ. ಪಕ್ಕದ ಗದ್ದೆಬಯಲಿನ ಬಸಿಗಾಲುವೆಯಲ್ಲಿ ಬರೀ 6 ಮಿಲಿಗ್ರಾಂ, ಆದರೆ ಸೆಕೆಂಡಿಗೆ 100 ಲೀಟರ್ ಹರಿವು: ದಿನಕ್ಕೆ 52 ಕೆ.ಜಿ. ತಿಳಿಯಾಗಿ ಕಾಣುವ ನೀರೇ ಮೂರು ಪಟ್ಟು ಹೊತ್ತು ತರುತ್ತಿದೆ! ಚರಂಡಿಯನ್ನು ಬಿಟ್ಟುಬಿಡಿ ಎಂದಲ್ಲ. ರೋಗಾಣು ಬರುವುದು ಅಲ್ಲಿಂದಲೇ. ಯಾವ ಕೊಳೆಗೆ ಯಾರ ಬಳಿ ಹೋಗಬೇಕೆಂದು ಗೊತ್ತಾಗಲು ಈ ಲೆಕ್ಕ.

ವರ್ಷಕ್ಕೆ ಮೂರು ಸಲ ಪರೀಕ್ಷಿಸಿ: ಮುಂಗಾರಿನ ಮೊದಲ ಜೋರು ಮಳೆ, ನಾಲೆ ನೀರು ತುಂಬಿ ಹರಿಯುವಾಗ, ಮತ್ತು ನಾಲೆ ನಿಂತ ಬೇಸಿಗೆಯಲ್ಲಿ.

ಹಂತ 4: ಮೇಲ್ಭಾಗದಲ್ಲಿ ನೀರಿನ ಓಟ ನಿಧಾನಿಸಿ

ಒಂದು ಎಕರೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಇಳಿಜಾರಿನಲ್ಲಿ ಅದು ಓಡಿದಷ್ಟೂ ಮಣ್ಣು ಹೋಗುತ್ತದೆ. ಇಳಿಜಾರಿಗೆ ಅಡ್ಡ ಉಳುಮೆ, ಸಮಪಾತಳಿ ಬದು, ಗೋಮಾಳದಲ್ಲಿ ಕಂದಕ, ಕೊರಕಲಿಗೆ ಒಣಕಲ್ಲಿನ ತಡೆ, ಆಮೇಲೆ ಕೃಷಿ ಹೊಂಡ, ಕೊನೆಗೆ ಚೆಕ್ ಡ್ಯಾಂ. ಈ ಕ್ರಮ ತಿರುವುಮುರುವಾಗಬಾರದು. ಕಾಂಕ್ರೀಟ್ ಕೆಲಸ ಕಣ್ಣಿಗೆ ಕಾಣುತ್ತದೆ, ಬಿಲ್ಲೂ ಬೇಗ ಆಗುತ್ತದೆ, ಅದಕ್ಕೇ ಎಲ್ಲರಿಗೂ ಚೆಕ್ ಡ್ಯಾಂ ಮೇಲೇ ಪ್ರೀತಿ. ಮೇಲೆ ಬದು ಹಾಕದೆ ಕಟ್ಟಿದ ಚೆಕ್ ಡ್ಯಾಂ ಹೂಳು ತುಂಬಿಕೊಂಡು ಕೂರುತ್ತದೆ. ಬದುವಿನ ಮೇಲೆ ಲಾವಂಚ ಅಥವಾ ಲಕ್ಕಿ ನೆಡಿ. ದನ ಲಕ್ಕಿ ಮುಟ್ಟುವುದಿಲ್ಲ.

ಹಂತ 5: ಕೆಳಬಯಲಿನಲ್ಲಿ ಗೊಬ್ಬರ ಗದ್ದೆಯಲ್ಲೇ ಉಳಿಸಿ

ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಶಿಫಾರಸು, ಎಕರೆಗೆ 40 ಕೆ.ಜಿ. ಯೂರಿಯಾದಲ್ಲಿ ಸಾರಜನಕ ಶೇ 46 ಇರುವುದರಿಂದ, ಪೂರ್ತಿ ಯೂರಿಯಾದಲ್ಲೇ ಕೊಟ್ಟರೂ 45 ಕೆ.ಜಿ.ಯ ಎರಡು ಚೀಲಕ್ಕೆ ಮುಗಿಯಿತು. ಸಾರಜನಕವೂ ಇರುವ ಡಿಎಪಿ ಗೊಬ್ಬರ ಹಾಕಿದ್ದರೆ ಯೂರಿಯಾ ಇನ್ನೂ ಕಡಿಮೆ ಸಾಕು. ರೈತರಿಗೆ ‘ಗೊಬ್ಬರ ಕಡಿಮೆ ಮಾಡಿ’ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಮೂರು ಕಂತು ಮಾಡಿ, ಯೂರಿಯಾ ಎರಚಿದ ಮೇಲೆ ಕೆಲವು ದಿನ ಗದ್ದೆಯ ಬಾಯಿ ಬಿಡಬೇಡಿ ಎಂದು ಹೇಳಿ. ಅಲ್ಲಿಗೆ ದುಡ್ಡೂ ಉಳಿಯಿತು. ಕಬ್ಬಿಗೆ ಹನಿ ನೀರಾವರಿಯಲ್ಲೇ ಗೊಬ್ಬರ ಕೊಡಬಹುದು; ತರಗು ಸುಡದೆ ಸಾಲಿನ ನಡುವೆ ಹಾಸಿ. ಆಲೆಮನೆಯ ಮಡ್ಡಿ, ತೊಳೆದ ನೀರು ಹಳ್ಳಕ್ಕೆ ಬೇಡ, ಗೊಬ್ಬರದ ಗುಂಡಿಗೆ ಹೋಗಲಿ.

ಹಂತ 6: ಊರ ನೀರಿಗೆ ದಾರಿ, ದಂಡೆಗೆ ಮರ

ತಲೆಗೆ 55 ಲೀಟರ್ ನಲ್ಲಿ ನೀರು ಬಂದರೆ 1,500 ಜನರ ಊರಿನಿಂದ ದಿನಕ್ಕೆ ಸುಮಾರು 66,000 ಲೀಟರ್ ಬಚ್ಚಲು ನೀರು ಹೊರಡುತ್ತದೆ. ನಲ್ಲಿ ಹಾಕುವಾಗ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮೊದಲು ಹೂಳುಗುಂಡಿ, ಆಮೇಲೆ ಜಲ್ಲಿ ಹಾಸಿ ಜೊಂಡು ಬೆಳೆಸಿದ ತೊಟ್ಟಿ, ಅಲ್ಲಿಂದ ತೋಟಕ್ಕೆ. ಶೌಚಾಲಯದ ಪೈಪು ಮಾತ್ರ ಚರಂಡಿಗೆ ಬೀಳಕೂಡದು. ಪಟ್ಟಣಗಳಿಗೆ ಇದು ಸಾಲದು. ಮೈಸೂರಿನ ಉತ್ತರದ ನೀರು ಕಾವೇರಿಯತ್ತ, ದಕ್ಷಿಣದ್ದು ಕಬಿನಿಯತ್ತ ಇಳಿಯುವುದರಿಂದಲೇ ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆಗಳಲ್ಲಿ ಬೇರೆ ಬೇರೆ ಶುದ್ಧೀಕರಣ ಘಟಕಗಳಿವೆ.

ಹಳ್ಳದ ಎರಡೂ ಬದಿ ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ, ಬಿದಿರು ನೆಡಿ. ನೀಲಗಿರಿ ಬೇಡ. ದಂಡೆ ಒತ್ತುವರಿಯಾಗಿದ್ದರೆ ಜಗಳಕ್ಕೆ ಇಳಿಯುವ ಮುಂಚೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ. ಕಾರ್ಖಾನೆಯ ಕೊಳಚೆ ಕಂಡರೆ 1974ರ ಜಲ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ಜಾಗ, ದಿನಾಂಕ, ಫೋಟೊ ಇರಲಿ.

ಹಂತ 7: ಮುಂದಿನ ವರ್ಷ ಅದೇ ಜಾಗ, ಅದೇ ಕಾಲ

ಮರು ಪರೀಕ್ಷೆಯ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿಹೇಳಿ. ಮಳೆಗಾಲದ ಕೆಸರು ಮೊದಲು ಕಡಿಮೆಯಾಗುತ್ತದೆ, ಚರಂಡಿ ತಡೆದರೆ ಕೋಲಿಫಾರಂ ಕೂಡ. ಬಾವಿ, ಬೋರ್‌ವೆಲ್‌ಗಳ ನೈಟ್ರೇಟ್ ಹಾಗಲ್ಲ. ವರ್ಷಗಟ್ಟಲೆ ನೆಲಕ್ಕೆ ಇಳಿದದ್ದು ಹೊರಬರಲೂ ವರ್ಷಗಳು ಬೇಕು. ಎರಡನೇ ವರ್ಷ ಅದು ಇಳಿಯಲಿಲ್ಲವೆಂದು ಗದ್ದೆಯ ಬಾಯಿ ಮತ್ತೆ ತೆಗೆಯಬೇಡಿ.