ಜಿಗ್ ತಲೆಯ ಎರಕ ಮತ್ತು ಪೌಡರ್ ಬಣ್ಣ: ನಾನು ಕಾವಿನ ಹದ ಹಿಡಿಯುವ ರೀತಿ

ಜಿಗ್ ಎಂದರೆ ಗಾಳದ ಕತ್ತಿಗೆ ಸೀಸದ ತಲೆ ಎರಕ ಹೊಯ್ದು ಮಾಡುವ, ಮೀನು ಹಿಡಿಯುವ ಹುಸಿ ಎರೆ. ಮನೆಯಲ್ಲಿ ಮಾಡಿದ ಜಿಗ್‌ನ ಬಣ್ಣ ಎರಡು ಸಲ ಬಂಡೆಗೆ ತಾಗಿದ ಕೂಡಲೇ ಚಕ್ಕೆ ಎದ್ದರೆ ಹೆಚ್ಚಿನವರು ಬೇರೆ ಬಣ್ಣ ಕೊಳ್ಳಲು ಹೊರಡುತ್ತಾರೆ. ತಪ್ಪು ಇರುವುದು ಬಹುತೇಕ ಕಾವಿನಲ್ಲಿ. ಸೀಸ ಕರಗಿಸುವಾಗ ಒಂದು ಹದ, ಅಚ್ಚಿಗೆ ಹೊಯ್ಯುವಾಗ ಇನ್ನೊಂದು, ಬಣ್ಣದ ಪುಡಿಯಲ್ಲಿ ಅದ್ದುವಾಗ ಮತ್ತೊಂದು, ಓವನ್‌ನಲ್ಲಿ ಬೇಯಿಸುವಾಗ ಮಗದೊಂದು. ಇವುಗಳಲ್ಲಿ ಒಂದು ತಪ್ಪಿದರೂ ಅದು ಕೊನೆಗೆ ಬಣ್ಣದ ಮೇಲೆಯೇ ಕಾಣುತ್ತದೆ.

ಮೊದಲು ಸೀಸದ ಮಾತು. ಜಿಗ್ ತಲೆಗೆ ಮೆದು ಸೀಸವೇ ಬೇಕು. ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು. ವಾಹನದ ಚಕ್ರಕ್ಕೆ ಸಿಕ್ಕಿಸುವ ತೂಕದ ತುಂಡುಗಳಲ್ಲಿ ಸೀಸವನ್ನು ಗಟ್ಟಿ ಮಾಡುವ ಆಂಟಿಮನಿ ಬೆರೆತಿರುತ್ತದೆ. ಅಂಥ ಗಟ್ಟಿ ಸೀಸ ದೊಡ್ಡ ಸೀಸದ ಗುಂಡುಗಳಿಗೆ ನಡೆಯುತ್ತದೆ, ಆದರೆ 3-4 ಗ್ರಾಂನ ಸಣ್ಣ ತಲೆಯ ಕತ್ತಿನ ಮುಳ್ಳಿನವರೆಗೆ (ಎರೆಯಾಗಿ ಚುಚ್ಚುವ ಪ್ಲಾಸ್ಟಿಕ್ ಹುಳುವನ್ನು ಹಿಡಿದಿಡುವ ಮುಳ್ಳು) ಸರಿಯಾಗಿ ಹರಿಯುವುದಿಲ್ಲ. ಚಕ್ರದ ಆ ತುಂಡುಗಳಲ್ಲಿ ಕೆಲವು ಸತುವಿನವೂ ಇರುತ್ತವೆ. ಸತು ಕರಗುವುದು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. ಪಾತ್ರೆಯ ಕಾವನ್ನು 400 ದಾಟಲು ಬಿಡದಿದ್ದರೆ ಸತು ಕರಗದೆ ಮೇಲೆ ತೇಲುತ್ತದೆ, ಸೌಟಿನಿಂದ ತೆಗೆದುಬಿಡಬಹುದು. ಒಮ್ಮೆ ಬೆರೆತುಹೋದರೆ ಇಡೀ ಪಾತ್ರೆಯ ಸೀಸ ಗಂಜಿಯಂತಾಗಿ ಅಚ್ಚು ತುಂಬುವುದೇ ಇಲ್ಲ. ಹಳೆಯ ಬ್ಯಾಟರಿಯ ತಟ್ಟೆಗಳನ್ನಂತೂ ಮುಟ್ಟಲೇಬೇಡಿ. ಅದರಿಂದ ಏಳುವ ಅನಿಲಗಳು ಪ್ರಾಣಕ್ಕೇ ಅಪಾಯ.

ಕೆಲಸ ಬಯಲಿನಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತು ಮಾಡಬೇಕು. ಕನ್ನಡಕ, ಚರ್ಮದ ಕೈಗವಸು, ಉದ್ದ ತೋಳಿನ ಹತ್ತಿಬಟ್ಟೆ, ಮುಚ್ಚಿದ ಚಪ್ಪಲಿ ಇರಲಿ. ಒಂದೇ ಒಂದು ಹನಿ ನೀರು ಕರಗಿದ ಸೀಸದ ಒಳಕ್ಕೆ ಹೋದರೂ ಅದು ಕ್ಷಣದಲ್ಲಿ ಆವಿಯಾಗಿ ಸೀಸವನ್ನು ಮುಖಕ್ಕೆ ಸಿಡಿಸುತ್ತದೆ. ಹಾಗಾಗಿ ಬಿಸಿ ಪಾತ್ರೆಗೆ ಹೊಸ ತುಂಡು ಹಾಕುವ ಮೊದಲು ಅದನ್ನು ಪಾತ್ರೆಯ ಅಂಚಿನಲ್ಲಿಟ್ಟು ಬೆಚ್ಚಗೆ ಮಾಡಿ, ತೇವ ಪೂರ್ತಿ ಹೋದ ಮೇಲೆ ಇಳಿಬಿಡುತ್ತೇನೆ. ಸೌಟಿಗೂ ಇದೇ ನಿಯಮ. ಈ ಪಾತ್ರೆ, ಸೌಟು ಮತ್ತೆ ಅಡುಗೆಮನೆಗೆ ಹೋಗಬಾರದು. ಕೆಲಸ ಮುಗಿಯುವವರೆಗೆ ಏನನ್ನೂ ತಿನ್ನಬಾರದು, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಿಯಾಯಿತಿ ಇಲ್ಲ.

ಸೀಸ ಕರಗಿ 380ರ ಆಸುಪಾಸಿಗೆ ಬಂದಾಗ ಕಡಲೆ ಕಾಳಿನಷ್ಟು ಮೇಣದ ಚೂರು ಹಾಕಿ ತಳದಿಂದ ತಿರುವುತ್ತೇನೆ. ಮೇಣ ಹೊಗೆಯಾಡಿ ಹತ್ತಿಕೊಳ್ಳುತ್ತದೆ, ಮುಖ ದೂರ ಇರಲಿ. ಮೇಲೆ ಬಂದ ಕಂದುಬಣ್ಣದ ಕಿಟ್ಟವನ್ನು ತೆಗೆದರೆ ಅಡಿಯಲ್ಲಿ ಕನ್ನಡಿಯಂಥ ಸೀಸ ಕಾಣುತ್ತದೆ. ತೆಗೆದ ಬೆನ್ನಿಗೇ ಮೇಲ್ಮೈ ನೀಲಿ, ನೇರಳೆ, ಹೊಂಬಣ್ಣಕ್ಕೆ ತಿರುಗಿದರೆ ಕಾವು ಹೆಚ್ಚಾಗಿದೆ ಎಂದರ್ಥ. ಉರಿ ತಗ್ಗಿಸಿ.

ಅಚ್ಚು ಅಲ್ಯೂಮಿನಿಯಂನದು, ಎರಡು ಹೋಳಿನದು. ಗುಳಿಗಳ ಒಳಗೆ ಮೇಣದಬತ್ತಿಯ ಜ್ವಾಲೆ ತೋರಿಸಿ ತೆಳ್ಳಗೆ ಮಸಿ ಹಿಡಿಸಿದರೆ ಸೀಸ ಮೂಲೆಮೂಲೆಗೆ ಹರಿಯುತ್ತದೆ. ಮಸಿ ದಪ್ಪವಾದರೆ ತಲೆಯ ಮೇಲೆ ಒರಟು ಉಳಿಯುತ್ತದೆ. ಅಚ್ಚನ್ನು ಪಾತ್ರೆಯ ಮೇಲಂಚಿನಲ್ಲಿಟ್ಟು ಕಾಯಿಸಿ, ಮೊದಲ ನಾಲ್ಕೈದು ಎರಕವನ್ನು ಗಾಳ ಇಡದೆಯೇ ಹೊಯ್ದು ವಾಪಸ್ ಪಾತ್ರೆಗೆ ಹಾಕುತ್ತೇನೆ. ತಲೆಯ ಮೇಲೆ ಸುಕ್ಕು, ಅಲೆ ಅಲೆಯಾದ ಗೆರೆ ಬಂದರೆ ಅಚ್ಚು ತಣ್ಣಗಿದೆ. ಉಪ್ಪಿನ ಪುಡಿ ಉದುರಿಸಿದಂತೆ ಮಂಕಾಗಿ ಬಂದರೆ ಅಚ್ಚು ಮಿತಿಮೀರಿ ಕಾದಿದೆ, ಎರಡು ನಿಮಿಷ ತೆರೆದಿಡಬೇಕು. ಅಂಚಿನಲ್ಲಿ ತೆಳ್ಳನೆ ಪದರ ಹೊರಬಂದಿದ್ದರೆ ಹೋಳುಗಳ ನಡುವೆ ಸೀಸದ ಚೂರು ಸಿಕ್ಕಿಕೊಂಡಿದೆ. ಹೊಯ್ಯುವಾಗ ಧಾರೆ ನಡುವೆ ಕಡಿಯಬಾರದು. ತುಂಬಿದ ಮೇಲೆ ಐದು ಎಣಿಸಿ ತೆರೆಯಿರಿ.

ಗಾಳದ ಆಯ್ಕೆಯೂ ಅಚ್ಚಿನ ಜೊತೆಗೇ ನಿರ್ಧಾರವಾಗುತ್ತದೆ. ದಾರ ಕಟ್ಟುವ ಕಣ್ಣಿನ ಬಳಿ 90 ಡಿಗ್ರಿ ಬಾಗಿದ ಗಾಳ ದಾರಕ್ಕೆ ನೇರ ಕೆಳಗೆ ತೂಗಾಡಿಸುವ ಜಿಗ್‌ಗೆ ಸರಿ. 60 ಡಿಗ್ರಿಯದು ಎಳೆದುಕೊಂಡು ಬರುವ ಜಿಗ್‌ಗೆ, ಕಲ್ಲುಗಳ ನಡುವೆ ಕಡಿಮೆ ಸಿಕ್ಕಿಕೊಳ್ಳುತ್ತದೆ. ಗುಳಿಯಲ್ಲಿ ಗಾಳ ಬಿಗಿಯಾಗಿ ಕೂರದಿದ್ದರೆ ಬಲವಂತವಾಗಿ ಅದುಮಬೇಡಿ, ಅಚ್ಚಿನ ತುಟಿ ಹಾಳಾಗಿ ಮುಂದಿನ ಎಲ್ಲ ಎರಕವೂ ಸೋರುತ್ತದೆ.

ಹೊಯ್ದ ಬಾಯಿಯ ತುಂಡನ್ನು ಬೆಚ್ಚಗಿರುವಾಗಲೇ ಇಕ್ಕಳದಿಂದ ತಿರುಚಿ ಮುರಿದು, ಉಳಿದ ಮೊಳಕೆಯನ್ನು ಅರದಿಂದ ಸಮ ಮಾಡುತ್ತೇನೆ. ಇದನ್ನು ಅವಸರದಲ್ಲಿ ಬಿಟ್ಟರೆ ಬಣ್ಣ ಕೂತ ಮೇಲೆ ಆ ಮೊಳಕೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಅರದ ಪುಡಿಯನ್ನು ಕಾಗದದ ಮೇಲೆ ಹಿಡಿದು ಮಡಚಿ ಇಡಿ, ಬಾಯಿಂದ ಊದಬೇಡಿ. ಆಮೇಲೆ ಒಂದೊಂದು ತಲೆಯನ್ನೂ ಅಸಿಟೋನ್ ತಾಗಿಸಿದ ಬಟ್ಟೆಯಿಂದ ಒರೆಸಿ ಪೂರ್ತಿ ಆರಲು ಬಿಡುತ್ತೇನೆ. ಬೆರಳಿನ ಜಿಡ್ಡು, ಮಸಿ ಉಳಿದರೆ ಬಣ್ಣ ಬೇಯುವಾಗ ಸೂಜಿಮೊನೆಯಂಥ ತೂತುಗಳು ಏಳುತ್ತವೆ. ಅಸಿಟೋನ್ ಬಾಟಲಿ ಹೀಟ್ ಗನ್ (ಬಿಸಿಗಾಳಿ ಊದುವ ಉಪಕರಣ) ಇರುವ ಮೇಜಿನ ಮೇಲೆ ಇರಕೂಡದು.

ಈಗ ಬಣ್ಣ. ನಾನು ದ್ರವ ಬಣ್ಣ ಬಿಟ್ಟು ಪೌಡರ್ ಬಣ್ಣಕ್ಕೆ ನೆಲೆನಿಂತದ್ದು ಅದು ಕರಗಿ, ಬೆಂದು, ಸೀಸಕ್ಕೆ ಚರ್ಮದಂತೆ ಅಂಟುತ್ತದೆ ಎನ್ನುವ ಕಾರಣಕ್ಕೆ. ಮೆತ್ತನೆಯ ಪ್ಲಾಸ್ಟಿಕ್ ಹುಳುಗಳಲ್ಲಿರುವ ಎಣ್ಣೆ ಕೆಲವು ದ್ರವ ಬಣ್ಣಗಳನ್ನು ಜಿಗುಟು ಮಾಡುತ್ತದೆ, ಚೆನ್ನಾಗಿ ಬೆಂದ ಪೌಡರ್ ಅದಕ್ಕೆ ಜಗ್ಗುವುದಿಲ್ಲ.

ಪುಡಿ ಗಾಳಿಯಾಡಿ ಹಗುರಾಗಿರಬೇಕು. ಡಬ್ಬಿಯಲ್ಲಿ ಒತ್ತಿ ಕುಳಿತ ಪುಡಿಗೆ ಬಿಸಿ ತಲೆ ಅದ್ದಿದರೆ ಒಂದು ಕಡೆ ಗಡ್ಡೆ, ಇನ್ನೊಂದು ಕಡೆ ಬೋಳು. ನಾನು 5 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಕೊಳವೆಯ ತಳಕ್ಕೆ ಕಾಫಿ ಸೋಸುವ ಕಾಗದ ಬಿಗಿದು, ಅದರ ಕೆಳಗಿನಿಂದ ಮೀನಿನ ತೊಟ್ಟಿಯ ಗಾಳಿ ಪಂಪಿನ ನಳಿಕೆ ಕೊಟ್ಟಿದ್ದೇನೆ. ನಡುವೆ ಒಂದು ಸಣ್ಣ ತಿರುಪು ಇದ್ದರೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದು. ಹದ ಸರಿಯಿದ್ದಾಗ ಪುಡಿ ಮೊದಲಿಗಿಂತ ಮೇಲೇರಿ, ಉಕ್ಕುವ ಮೊದಲಿನ ಹಾಲಿನಂತೆ ಮೇಲ್ಮೈ ಸಣ್ಣಗೆ ನಡುಗುತ್ತದೆ. ಜ್ವಾಲಾಮುಖಿಯಂತೆ ಒಂದೇ ಕಡೆ ಚಿಮ್ಮಿದರೆ ಗಾಳಿ ಜಾಸ್ತಿ. ಈ ವ್ಯವಸ್ಥೆ ಇಲ್ಲದವರು ಪ್ರತಿ ಸಲ ಅದ್ದುವ ಮೊದಲು ಕಡ್ಡಿಯಿಂದ ಪುಡಿಯನ್ನು ಕೆದಕಿ ಹಗುರ ಮಾಡಿದರೂ ಸಾಕು. ಮೂಗಿಗೆ ಮಾಸ್ಕ್ ಬೇಕೇ ಬೇಕು. ಗಾಳಿಯಲ್ಲಿ ತೇಲುವ ಪುಡಿಗೆ ಬೆಂಕಿ ಹತ್ತಬಹುದಾದ್ದರಿಂದ ಹತ್ತಿರ ತೆರೆದ ಜ್ವಾಲೆ ಬೇಡ.

ಗಾಳದ ಬಾಗಿನಲ್ಲಿ ಇಕ್ಕಳ ಹಿಡಿದು ತಲೆಯನ್ನು ಹೀಟ್ ಗನ್ ಮೂತಿಯಿಂದ 3-4 ಸೆಂ.ಮೀ. ದೂರದಲ್ಲಿ ಸುತ್ತ ತಿರುಗಿಸುತ್ತೇನೆ. ನನ್ನ ಗನ್‌ನಲ್ಲಿ 3.5 ಗ್ರಾಂ ತಲೆಗೆ 8-10 ಸೆಕೆಂಡು, 7 ಗ್ರಾಂಗೆ 15-20 ಸೆಕೆಂಡು. ನಿಮ್ಮದರ ಲೆಕ್ಕ ನಾಲ್ಕು ತಲೆ ಹಾಳು ಮಾಡಿದರೆ ತಾನೇ ಸಿಗುತ್ತದೆ. ಗಾಳದ ಮೊನೆಗೆ ಬಿಸಿಗಾಳಿ ಬೀಳಬಾರದು. ಉಕ್ಕು ನೀಲಿಗೆ ತಿರುಗಿದರೆ ಅದರ ಬಿಗುವು ಹೋಗಿರುತ್ತದೆ. ಪ್ಲಾಸ್ಟಿಕ್ ಹುಳು ಹಿಡಿದಿಡುವ ಕತ್ತಿನ ಸಣ್ಣ ಮುಳ್ಳೇ ಮೊದಲು ಕರಗುವುದು, ಅದರ ಮೇಲೆಯೂ ಕಣ್ಣಿರಲಿ.

ಕಾದ ತಲೆಯನ್ನು ಪುಡಿಯಲ್ಲಿ ಒಂದು ಸೆಕೆಂಡು ಆಡಿಸಿ ತೆಗೆದು, ಇಕ್ಕಳಕ್ಕೆ ಮೆಲ್ಲಗೆ ತಟ್ಟಿ ಹೆಚ್ಚಿನದನ್ನು ಉದುರಿಸಿ ನೋಡಬೇಕು. ಹೊರಬಂದಾಗ ಪುಡಿ ಮಂಕಾಗಿದ್ದು, ಎರಡು ಮೂರು ಸೆಕೆಂಡಿನಲ್ಲಿ ಕಣ್ಣೆದುರೇ ಒದ್ದೆಯಾದಂತೆ ಹೊಳಪಿಗೆ ತಿರುಗಿದರೆ ಅದೇ ಹದ. ಮಂಕಾಗಿಯೇ ಉಳಿದರೆ ಕಾವು ಸಾಲದು, ದೂರದಿಂದ ಸ್ವಲ್ಪ ಬಿಸಿಗಾಳಿ ತೋರಿಸಿದರೆ ಕರಗುತ್ತದೆ. ಪುಡಿಯೊಳಗಿದ್ದಾಗಲೇ ಕರಗಿ ಪದರದ ಮೇಲೆ ಪದರ ಮೆತ್ತಿಕೊಂಡು ದಪ್ಪವಾದರೆ ಕಾವು ಹೆಚ್ಚು. ಅದನ್ನು ಹಾಗೆಯೇ ಓವನ್‌ಗೆ ಹಾಕಿದರೆ ಬಣ್ಣ ಇಳಿದು ತುದಿಯಲ್ಲಿ ಕಂಬನಿಯಂತೆ ನಿಲ್ಲುತ್ತದೆ, ಕೆನ್ನೆಯಲ್ಲಿ ಸೀಸ ಇಣುಕುತ್ತದೆ. ದಪ್ಪ ಬಣ್ಣ ಬಾಳಿಕೆ ಬರುತ್ತದೆ ಎನ್ನುವುದು ತಪ್ಪು ಎಣಿಕೆ. ಚಕ್ಕೆ ಏಳುವುದು ದಪ್ಪ ಇರುವ ಕಡೆಯೇ.

ಫ್ಲೋರೊಸೆಂಟ್ ಹಳದಿ-ಹಸಿರು, ಕಿತ್ತಳೆ ಬಣ್ಣಗಳು ಒಳಗಿನದನ್ನು ಮರೆಮಾಡುವುದಿಲ್ಲ. ಬೂದು ಸೀಸದ ಮೇಲೆ ನೇರ ಹಾಕಿದರೆ ಕೊಳಕಾಗಿ ಕಾಣುತ್ತವೆ. ಅಡಿಯಲ್ಲಿ ತೆಳ್ಳನೆ ಬಿಳಿ ಕೊಟ್ಟು ಮೇಲೆ ಇವನ್ನು ಕೊಟ್ಟರೆ ಬಣ್ಣ ಎದ್ದು ನಿಲ್ಲುತ್ತದೆ. ಕತ್ತಲಲ್ಲಿ ಹೊಳೆಯುವ ಪುಡಿಗೂ ಬಿಳಿ ತಳವೇ ಬೇಕು. ಎರಡು ಬಣ್ಣದ ತಲೆಗೆ, ತಿಳಿ ಬಣ್ಣ ಅದ್ದಿದ ತಲೆ ಇನ್ನೂ ಬಿಸಿಯಿರುವಾಗಲೇ ಒಣ ಕುಂಚದಲ್ಲಿ ಗಾಢ ಪುಡಿ ತೆಗೆದುಕೊಂಡು ಬೆನ್ನಿನ ಮೇಲೆ ಬೆರಳಿನಿಂದ ತಟ್ಟಿ ಉದುರಿಸುತ್ತೇನೆ. ಕುಂಚ ಸೀಸಕ್ಕೆ ತಾಗಬಾರದು, ಕೂದಲು ಅಂಟಿಕೊಳ್ಳುತ್ತದೆ. ಕೆಂಪು ಬಣ್ಣಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ, ಏಕೆಂದರೆ ನೀರು ಮೊದಲು ಹೀರುವುದು ಕೆಂಪು ಬೆಳಕನ್ನೇ. ಕೆಲವು ಮೀಟರ್ ಆಳದಲ್ಲಿ ಅದು ಕಪ್ಪಿನಂತೆಯೇ ಕಾಣುತ್ತದೆ.

ಬೇಯಿಸುವ ಮೊದಲು ಗಾಳದ ಕಣ್ಣನ್ನು ಸೂಜಿಯಿಂದ ಬಿಡಿಸಿಬಿಡಿ. ಈಗ ಒಂದು ಚುಚ್ಚಿಗೆ ಬರುತ್ತದೆ, ಬೆಂದ ಮೇಲೆ ಡ್ರಿಲ್ ಬೇಕಾಗುತ್ತದೆ. ತಂತಿಯ ಜಾಲರಿಗೆ ಒಂದಕ್ಕೊಂದು ತಾಗದಂತೆ ತೂಗುಹಾಕಿ, ಅಡುಗೆಗೆ ಬಳಸದ ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಇಡುತ್ತೇನೆ. ಓವನ್ನಿನ ಗುಂಡಿ ತೋರಿಸುವ ಅಂಕಿಯನ್ನು ನಂಬದೆ ಒಳಗೆ ಒಂದು ಥರ್ಮಾಮೀಟರ್ ಇಡಿ. ಸಣ್ಣ ಓವನ್‌ಗಳಲ್ಲಿ ಸುರುಳಿಯ ಹತ್ತಿರದ ತಲೆಗಳು ಬೇಗ ಕಂದುತ್ತವೆ, ಬಿಳಿ ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ. ಹೊಳಪು ಬಂತೆಂದು ಬೇಯಿಸದೆ ಬಿಟ್ಟವರೇ ಆಮೇಲೆ ಬಣ್ಣ ಉದುರಿತು ಎನ್ನುವುದು. ಹೊಳಪು ಬಂದಾಗ ಪುಡಿ ಕರಗಿದೆ ಅಷ್ಟೇ, ಬೆಂದಿರುವುದಿಲ್ಲ. ತಣ್ಣಗಾದ ಮೇಲೆ ಒಂದು ತಲೆಯನ್ನು ಆರಿಸಿ ಕಲ್ಲಿಗೆ ಬಲವಾಗಿ ಹೊಡೆಯಿರಿ. ಸೀಸ ತಗ್ಗಾಗಬೇಕು, ಬಣ್ಣ ಆ ತಗ್ಗಿನ ಜೊತೆಗೇ ಬಾಗಬೇಕು. ಸೀಳಿದರೆ ಉಳಿದವನ್ನು ಇನ್ನೂ 10 ನಿಮಿಷ ಬೇಯಿಸಿ.

ಸೀಸ ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ನೀರುಹಕ್ಕಿಗಳು ಸಣ್ಣ ಸೀಸದ ಚೂರುಗಳನ್ನು ನುಂಗಿ ಸಾಯುತ್ತವೆ. ಬ್ರಿಟನ್ 1987ರಲ್ಲಿಯೇ ಗಾಳದ ಸಣ್ಣ ಸೀಸದ ತೂಕಗಳನ್ನು ನಿಷೇಧಿಸಿತು. ಸೀಸದ ಬದಲು ಬಳಸುವ ತವರ 232 ಡಿಗ್ರಿಯಲ್ಲಿ ಕರಗುತ್ತದೆ, ಓವನ್ನಿನ 175ಕ್ಕೆ ತಡೆದುಕೊಳ್ಳುತ್ತದೆ. ಆದರೆ ಅದ್ದುವ ಮೊದಲು ಕಾಯಿಸುವಾಗ ಎಚ್ಚರ ಬೇಕು. ಅದು ಹಗುರ, 10 ಗ್ರಾಂ ಸೀಸ ಹಿಡಿಯುವ ಗುಳಿಯಲ್ಲಿ ಸುಮಾರು 6.4 ಗ್ರಾಂ ಮಾತ್ರ ಬರುತ್ತದೆ. ಬಿಸ್ಮತ್-ತವರದ ಮಿಶ್ರಲೋಹ ತೂಕದಲ್ಲಿ ಸೀಸಕ್ಕೆ ಇನ್ನಷ್ಟು ಹತ್ತಿರ. ಆದರೆ ಅದರಲ್ಲಿ ಬೇಗ ಕರಗುವ ಬೆರಕೆ 138 ಡಿಗ್ರಿಯಲ್ಲೇ ನೀರಾಗುತ್ತದೆ. ಅದನ್ನು ಪೌಡರ್ ಬಣ್ಣಕ್ಕೆಂದು ಓವನ್‌ಗೆ ಇಟ್ಟರೆ ಬಾಗಿಲು ತೆರೆದಾಗ ಜಾಲರಿಯಲ್ಲಿ ಬರಿಯ ಗಾಳಗಳು ತೂಗುತ್ತಿರುತ್ತವೆ. ಅಂಥವಕ್ಕೆ ದ್ರವ ಬಣ್ಣ, ಮೇಲೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು).

ತಲೆಯ ಮೇಲೆ ಮೀನಿನ ಕಣ್ಣು ಬರೆಯಲು ಕುಂಚಕ್ಕಿಂತ ಮೊಳೆಯ ತಲೆ ಚೆನ್ನ. 3 ಮಿ.ಮೀ. ಅಗಲದ ಮೊಳೆಯ ತಲೆಯನ್ನು ಬಣ್ಣಕ್ಕೆ ತಾಗಿಸಿ ಒತ್ತಿದರೆ ದುಂಡನೆಯ ಬಿಳಿ, ಅದು ಒಣಗಿದ ಮೇಲೆ ಅದಕ್ಕಿಂತ ಚಿಕ್ಕ ಮೊಳೆಯಿಂದ ಕಪ್ಪು ಬೊಟ್ಟು. ಮೇಲೆ 30 ನಿಮಿಷದ ಎಪಾಕ್ಸಿಯ ಒಂದು ತೆಳು ಲೇಪ. 5 ನಿಮಿಷದ್ದು ಬೇಗ ಹಳದಿಯಾಗುತ್ತದೆ, ಗುಳ್ಳೆ ಒಡೆಯಲು ಸಮಯವನ್ನೂ ಕೊಡುವುದಿಲ್ಲ. ಎರಡು ಭಾಗಗಳನ್ನು ಕಣ್ಣಂದಾಜಿನಲ್ಲಿ ಬೆರೆಸಿದರೆ ವಾರ ಕಳೆದರೂ ಅಂಟು ಹೋಗದು, ಸಿರಿಂಜಿನಲ್ಲಿ ಅಳೆಯಿರಿ.

ಜಿಂಕೆ ಬಾಲದ ಕೂದಲು ಕಟ್ಟುವುದಾದರೆ ಬೆಂಕಿಕಡ್ಡಿ ಗಾತ್ರದ ಮೂರು ಎಳೆ ಸಾಕು. ಕತ್ತಿಗೆ ಮೊದಲು ಬರಿಯ ದಾರ ಸುತ್ತಿ, ಅಂಟು ತಾಗಿಸಿ, ಅದರ ಮೇಲೆ ಕೂದಲು ಬಿಗಿಯಬೇಕು. ನುಣ್ಣನೆಯ ಬಣ್ಣದ ಮೇಲೆ ನೇರ ಕಟ್ಟಿದರೆ ಇಡೀ ಗೊಂಚಲು ಗಿರ್ರನೆ ತಿರುಗುತ್ತದೆ. ಕೊನೆಯ ಗಂಟಿಗೆ ಎರಡು ಸಲ ಅಂಟು. ಆರಿದ ಮೇಲೆ ಗಾಳದ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡುತ್ತೇನೆ. ಕಚ್ಚದೆ ಜಾರಿದರೆ ಸಣ್ಣ ಅರದಲ್ಲಿ ಮೊನೆ ಹಿಡಿಸಿ, ಆಮೇಲೆ ಪೆಟ್ಟಿಗೆಗೆ ಹಾಕುತ್ತೇನೆ.