ಮೆರಾಂಗ್: ನೊರೆ ನಿಂತರೂ ಸಕ್ಕರೆ ಕರಗದಿದ್ದರೆ

ಮೊಟ್ಟೆಯ ಬಿಳಿಭಾಗವನ್ನು ಸಕ್ಕರೆಯೊಂದಿಗೆ ನೊರೆಯಾಗಿಸಿ ಓವನ್ನಿನಲ್ಲಿಟ್ಟು ಮಾಡುವ ಸಿಹಿ ಮೆರಾಂಗ್. ಅದು ಕೆಟ್ಟಾಗ ಎಲ್ಲರೂ ಬೈಯುವುದು ಓವನ್ನಿಗೆ. ನನ್ನ ಅನುಭವದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಅದಕ್ಕೂ ಮುಂಚೆ, ನೊರೆಗೆ ಸಕ್ಕರೆ ಬೀಳುವ ಆ ಹತ್ತು ನಿಮಿಷದಲ್ಲಿ. ನೊರೆ ಬೆಳ್ಳಗೆ ಹೊಳೆಯುತ್ತಿರುತ್ತದೆ, ಗಟ್ಟಿಯಾಗಿಯೂ ಕಾಣುತ್ತದೆ, ಆದರೆ ಒಳಗೆ ಸಕ್ಕರೆ ಇನ್ನೂ ಹರಳು ಹರಳಾಗಿಯೇ ಇರುತ್ತದೆ. ಆ ಹರಳು ಸುತ್ತಲಿನ ತೇವ ಎಳೆದುಕೊಂಡು, ಓವನ್ನಿನ ಬಿಸಿಗೆ ಪಾಕವಾಗಿ, ಹನಿ ಹನಿಯಾಗಿ ಹೊರಗೆ ಬರುತ್ತದೆ.

ಅಳತೆಯಲ್ಲಿ ನಾನು ಮೊಟ್ಟೆ ಎಣಿಸುವುದಿಲ್ಲ, ತೂಗುತ್ತೇನೆ. ಒಂದು ಮೊಟ್ಟೆಯ ಬಿಳಿಭಾಗ ಸುಮಾರು 30ರಿಂದ 35 ಗ್ರಾಂ. ಗರಿಗರಿ ಮೆರಾಂಗ್‌ಗೆ ಬಿಳಿಭಾಗದ ಎರಡರಷ್ಟು ಸಕ್ಕರೆ ಬೇಕು: 120 ಗ್ರಾಂಗೆ 240 ಗ್ರಾಂ. ಸಿಹಿ ಜಾಸ್ತಿಯಾಯಿತೆಂದು ಇದನ್ನು ಕಡಿಮೆ ಮಾಡುವವರಿದ್ದಾರೆ. ಬಿಳಿಭಾಗದಲ್ಲಿ ಹೆಚ್ಚುಕಡಿಮೆ ಶೇ. 90ರಷ್ಟು ನೀರೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಸಕ್ಕರೆ. ಸಮತೂಕ ಹಾಕಿದರೆ ಪೈ (ಹಿಟ್ಟಿನ ಚಿಪ್ಪಿನೊಳಗೆ ಹೂರಣ ತುಂಬಿದ ತಿನಿಸು) ಮೇಲೆ ಹರಡುವ ಮೆತ್ತನೆಯ ಮೆರಾಂಗ್ ಆಗುತ್ತದೆ, ಕಚ್ಚಿದರೆ ಪುಡಿಯಾಗುವಂಥದ್ದು ಆಗುವುದಿಲ್ಲ. ದಪ್ಪ ಹರಳಿನ ಸಕ್ಕರೆಯಾದರೆ ಮಿಕ್ಸಿಯಲ್ಲಿ ಕೆಲವೇ ಸೆಕೆಂಡು ತಿರುಗಿಸಿ ಸಣ್ಣ ರವೆಯ ಹದಕ್ಕೆ ತರುತ್ತೇನೆ.

ಇನ್ನು ಜಿಡ್ಡು. ನೊರೆಯ ಪ್ರತಿ ಗುಳ್ಳೆಯ ಸುತ್ತ ಪ್ರೋಟೀನಿನ ತೆಳು ಪೊರೆ ಕಟ್ಟಬೇಕು. ಕೊಬ್ಬು ಬಂದರೆ ಆ ಜಾಗದಲ್ಲಿ ತಾನು ಕೂತುಬಿಡುತ್ತದೆ. ಹಳದಿಯಲ್ಲಿ ಕೊಬ್ಬು ಧಾರಾಳ. ಆದ್ದರಿಂದ ಪ್ರತಿ ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು, ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಸುರಿಯುತ್ತೇನೆ. ಐದನೇ ಮೊಟ್ಟೆಯ ಹಳದಿ ಒಡೆದು ಮೊದಲ ನಾಲ್ಕೂ ಹಾಳಾಗುವುದು ಬೇಡ. ಹಳದಿಯ ಒಂದು ಚುಕ್ಕೆ ಬಿದ್ದಿದ್ದರೆ ಒಡೆದ ಚಿಪ್ಪಿನ ಅಂಚಿನಿಂದ ಎತ್ತಿಬಿಡಬಹುದು. ಎಳೆಯಾಗಿ ಹರಡಿದ್ದರೆ ಅದನ್ನು ಬೇರೆ ಅಡುಗೆಗೆ ಎತ್ತಿಡುವುದೇ ಸರಿ. ಪ್ಲಾಸ್ಟಿಕ್ ಬೌಲ್ ಎಷ್ಟು ತೊಳೆದರೂ ಅದರ ಗೀರುಗಳಲ್ಲಿ ಎಣ್ಣೆ ಉಳಿಯುತ್ತದೆ. ಸ್ಟೀಲ್ ಅಥವಾ ಗಾಜಿನ ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿಕೊಂಡರೆ ಚಿಂತೆ ಇಲ್ಲ.

ತಣ್ಣಗಿರುವಾಗ ಮೊಟ್ಟೆಯ ಹಳದಿ ಗಟ್ಟಿ ಇರುತ್ತದೆ, ಆಗಲೇ ಬೇರ್ಪಡಿಸಿ. ಬಿಳಿಭಾಗವನ್ನು ಮುಚ್ಚಿ ಅರ್ಧ ಗಂಟೆ ಹೊರಗಿಟ್ಟರೆ ಬೇಗ ಉಬ್ಬುತ್ತದೆ. ಕೆಲವು ದಿನ ಹಳೆಯದಾದ ಮೊಟ್ಟೆ ಬೇಗ ನೊರೆ ಬಿಡುತ್ತದೆ ನಿಜ, ಆದರೆ ತಾಜಾ ಮೊಟ್ಟೆಯ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ. ನನ್ನ ಆಯ್ಕೆ ತಾಜಾ.

ಹುಳಿಯನ್ನು ನಾನು ಯಾವತ್ತೂ ಬಿಡುವುದಿಲ್ಲ. ನಾಲ್ಕು ಬಿಳಿಭಾಗಕ್ಕೆ ಅರ್ಧ ಟೀ ಚಮಚ ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿಪುಡಿ, ಇಲ್ಲವೇ ಒಂದು ಟೀ ಚಮಚ ನಿಂಬೆರಸ. ಬೀಟ್ ಮಾಡುತ್ತಾ ಹೋದಂತೆ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ನೀರನ್ನು ಹಿಂಡಿ ಹೊರಹಾಕುತ್ತವೆ. ಹುಳಿ ಆ ಬಿಗಿತವನ್ನು ತಡೆಯುತ್ತದೆ. ತಾಮ್ರದ ಬೌಲ್ ಬಳಸಿದರೆ ಈ ಕೆಲಸವನ್ನು ತಾಮ್ರವೇ ಮಾಡುತ್ತದೆ, ಆಗ ಹುಳಿ ಬೇಡ. ಚಿಟಿಕೆ ಉಪ್ಪು ಹಾಕಿದರೆ ನೊರೆ ಗಟ್ಟಿಯಾಗುತ್ತದೆ ಎಂಬ ಮಾತನ್ನು ನಂಬಬೇಡಿ, ಉಪ್ಪು ನೊರೆಯನ್ನು ಬಲಹೀನ ಮಾಡುತ್ತದೆ.

ಮೊದಲು ನಿಧಾನ ವೇಗ. ದೊಡ್ಡ ಗುಳ್ಳೆ ಎದ್ದಾಗ ಹುಳಿ ಹಾಕಿ ಮಧ್ಯಮ ವೇಗಕ್ಕೆ ಬರುತ್ತೇನೆ. ಬೀಟರ್ ಎತ್ತಿದಾಗ ನೊರೆಯ ತುದಿ ಎದ್ದು ಹಾಗೇ ಬಾಗಿ ಮಲಗಬೇಕು. ಸಕ್ಕರೆ ಶುರುಮಾಡುವ ಹೊತ್ತು ಅದು. ಒಂದು ದೊಡ್ಡ ಚಮಚ ಹಾಕಿ, ಮೂವತ್ತು ಸೆಕೆಂಡು ತಿರುಗಿಸಿ, ಮುಂದಿನ ಚಮಚ. 240 ಗ್ರಾಂ ಮುಗಿಯಲು ಹತ್ತು ನಿಮಿಷವೇನೋ ಹಿಡಿಯುತ್ತದೆ, ಹಿಡಿಯಲಿ. ಒಟ್ಟಿಗೆ ಸುರಿದರೆ ನೊರೆ ಭಾರಕ್ಕೆ ಕುಸಿಯುತ್ತದೆ. ತಡಮಾಡಿದರೆ ನೊರೆ ಒಣಗಿ ಹತ್ತಿಯ ಉಂಡೆಯಂತೆ ಒಡೆಯುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ. ಸಕ್ಕರೆ ಹಾಕುವ ಮೊದಲೇ ಹೀಗಾದರೆ ಇನ್ನೊಂದು ಬಿಳಿಭಾಗ ಸೇರಿಸಿ ನಿಧಾನವಾಗಿ ತಿರುಗಿಸಿ ನೋಡಿ, ಎಷ್ಟೋ ಸಲ ಸರಿಹೋಗುತ್ತದೆ.

ಕೊನೆಯ ಚಮಚ ಬಿದ್ದ ಮೇಲೆ ಬೀಟರ್ ನಿಲ್ಲಿಸಿ, ಪಾತ್ರೆಯ ಗೋಡೆಗೆ ಅಂಟಿದ ಸಕ್ಕರೆಯನ್ನು ಸ್ಪ್ಯಾಚುಲಾದಿಂದ ಬಳಿದು ಒಳಗೆ ಸೇರಿಸಿ, ಇನ್ನೆರಡು ನಿಮಿಷ ತಿರುಗಿಸಿ. ಆಮೇಲೆ ಚಿಟಿಕೆ ನೊರೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಬೇಕು. ಮೇಲಿನ ನೊರೆ ಸಾಮಾನ್ಯವಾಗಿ ನುಣ್ಣಗೇ ಇರುತ್ತದೆ, ಅದನ್ನು ನಂಬಬೇಡಿ, ತಳದಿಂದ ತೆಗೆಯಿರಿ. ಹಲ್ಲುಪುಡಿಯಂತೆ ತರಿತರಿ ಎನಿಸಿದರೆ ಇನ್ನೆರಡು ನಿಮಿಷ. ಬೆರಳುಗಳು ಜಾರಿದರೆ ಆಯಿತು. ಈಗ ತುದಿ ನೆಟ್ಟಗೆ ನಿಂತು, ಕೊನೆಯಲ್ಲಿ ಮಾತ್ರ ಕೊಕ್ಕಿನಂತೆ ಸ್ವಲ್ಪ ಬಾಗಿರುತ್ತದೆ. ಕೋಕೋ, ಬೀಜದ ಪುಡಿ ಬೇಕಿದ್ದರೆ ಈ ಹಂತದಲ್ಲಿ ಸ್ಪ್ಯಾಚುಲಾದಿಂದಲೇ ಬೆರೆಸಿ, ಎರಡರಲ್ಲೂ ಕೊಬ್ಬಿದೆ.

ನೊರೆಯನ್ನು ಹಾಗೇ ಬಿಟ್ಟಿರಬಾರದು, ಓವನ್ ಮೊದಲೇ ಬಿಸಿಯಾಗಿರಲಿ. ಬೇಕಿಂಗ್ ಪೇಪರ್ ಮೇಲೆ 4–5 ಸೆಂ.ಮೀ. ಅಗಲಕ್ಕೆ ಹಾಕಿದ ಮೆರಾಂಗ್‌ಗಳಿಗೆ 95 ಡಿಗ್ರಿ ಸೆಲ್ಸಿಯಸ್, ಒಂದೂವರೆ ಗಂಟೆ. ಇದು ಬೇಯಿಸುವ ಕೆಲಸಕ್ಕಿಂತ ಒಣಗಿಸುವ ಕೆಲಸ. ಓವನ್ ಗುಂಡಿ ತೋರಿಸುವ ಅಂಕಿಗೂ ಒಳಗಿನ ಬಿಸಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ, ಒಳಗೊಂದು ಥರ್ಮಾಮೀಟರ್ ಇಟ್ಟರೆ ಒಳ್ಳೆಯದು. ಬಿಸಿ ಜಾಸ್ತಿಯಾದರೆ ಕಂದು ಬಣ್ಣ, ಬಿರುಕು, ಒಳಗೆ ಟೊಳ್ಳು. ಪೇಪರ್‌ನಿಂದ ತಾನಾಗಿ ಎದ್ದು ಬಂದರೆ ಆಗಿದೆ. ತಳ ಅಂಟಿದರೆ ಇನ್ನು ಹದಿನೈದು ನಿಮಿಷ. ಆಮೇಲೆ ಓವನ್ ಆರಿಸಿ, ಬಾಗಿಲು ತೆರೆಯದೆ ಪೂರ್ತಿ ತಣ್ಣಗಾಗಲು ಬಿಡಿ.

ಪೈ ಮೇಲಿನ ಮೆರಾಂಗ್ ನೀರು ಬಿಟ್ಟಾಗ ಆ ನೀರು ಎಲ್ಲಿದೆ ನೋಡಿ. ಮೇಲೆ ಕಂದು ಹನಿಗಳಿದ್ದರೆ ಬಿಸಿ ಜಾಸ್ತಿಯಾಗಿದೆ ಅಥವಾ ಸಕ್ಕರೆ ಕರಗಿಲ್ಲ. ಮೆರಾಂಗ್‌ಗೂ ಹೂರಣಕ್ಕೂ ನಡುವೆ ನೀರು ನಿಂತಿದ್ದರೆ ತಳ ಬೆಂದಿಲ್ಲ, ಅಂದರೆ ತಣ್ಣನೆಯ ಹೂರಣದ ಮೇಲೆ ಹರಡಿದ್ದೀರಿ. ಹೂರಣ ಬಿಸಿಯಿರುವಾಗಲೇ ಹಾಕಿ, ಅಂಚಿನಿಂದ ಶುರುಮಾಡಿ ಸುತ್ತಲೂ ಪೈ ಗೋಡೆಗೆ ಅಂಟುವಂತೆ ಒತ್ತಿ. ಇಲ್ಲದಿದ್ದರೆ ಆರುವಾಗ ಕುಗ್ಗಿ ಅಂಚು ಬಿಟ್ಟುಕೊಳ್ಳುತ್ತದೆ.

ಗಾಳಿಯಲ್ಲಿ ತೇವ ಜಾಸ್ತಿಯಿರುವ ದಿನ ನಾನು ಸ್ವಿಸ್ ವಿಧಾನ ಹಿಡಿಯುತ್ತೇನೆ. ಕುದಿಯುವ ನೀರಿಗೆ ತಾಗದಂತೆ ಮೇಲೆ ಪಾತ್ರೆಯಿಟ್ಟು, ಬಿಳಿಭಾಗ ಮತ್ತು ಸಕ್ಕರೆಯನ್ನು ಕೈಬಿಡದೆ ಕಲಕುತ್ತಾ 71 ಡಿಗ್ರಿಗೆ ತಂದು ಆಮೇಲೆ ಬೀಟ್ ಮಾಡುವುದು. ಸಕ್ಕರೆ ಮೊದಲೇ ಕರಗುವುದರಿಂದ ಅರ್ಧ ತಾಪತ್ರಯ ಅಲ್ಲಿಗೇ ಮುಗಿಯುತ್ತದೆ. ಇಟಾಲಿಯನ್ ವಿಧಾನದಲ್ಲಿ 118 ಡಿಗ್ರಿಯ ಉಂಡೆಪಾಕವನ್ನು ಸಣ್ಣ ಧಾರೆಯಾಗಿ ಬೀಟರಿಗೂ ಪಾತ್ರೆಯ ಗೋಡೆಗೂ ನಡುವೆ ಬಿಡಬೇಕು. ಕಡ್ಡಿಗೆ ತಾಗಿದರೆ ಪಾಕ ಸಿಡಿದು ಗೋಡೆಯ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ.

ತಣ್ಣಗಾದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ, ಫ್ರಿಜ್‌ನಲ್ಲಿ ಬೇಡ. ಮೆತ್ತಗಾಗಿ ಅಂಟಂಟಾದರೂ ಎಸೆಯಬೇಕಿಲ್ಲ: 95 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಒಳಗೇ ಆರಲು ಬಿಟ್ಟರೆ ಮತ್ತೆ ಗರಿಗರಿ. ಕ್ರೀಮ್ ಸವರಿದ್ದಾಗಿದ್ದರೆ ಅವತ್ತೇ ತಿಂದು ಮುಗಿಸಿ.